ಬರ್ಗರ್‌ಗೆ ಕಾಲಿಲ್ಲ

ನರಹರಿ ಬರ್ಗರ್‌ಗಳನ್ನು ಹಾಳು ಮಾಡಿದ. ಹಾಳಾದದ್ದನ್ನು ಹಸಿದವರ ಎಲೆಗೆ ಹಾಕಿದ. ಹಾಕಿ, ಅವರಿಂದಲೇ ಕೈಮುಗಿಸಿಕೊಂಡ.

ಕೊನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು.

ಹೊಳೆಯ ದಂಡೆಯಲ್ಲಿ ಅಂಕಯ್ಯ ಗುರುಗಳ ಆಶ್ರಮ. ಮುಂದೆ ಸ್ನಾನಘಟ್ಟ, ಹಿಂದೆ ಹೆದ್ದಾರಿ. ಹೆದ್ದಾರಿಯ ಬದಿಯಲ್ಲಿ ಭಕ್ತರೊಬ್ಬರ ಬರ್ಗರ್ ಅಂಗಡಿ. ಹಿಂದಿನ ದಿನ ಮಾರಾಟವಾಗದೆ ಫ್ರಿಜ್ಜಿನಲ್ಲಿ ಉಳಿದದ್ದು ಬೆಳಗ್ಗೆ ರಟ್ಟಿನ ಪೆಟ್ಟಿಗೆಯಲ್ಲಿ ಆಶ್ರಮಕ್ಕೆ ಬರುತ್ತಿತ್ತು. ನಡುವೆ ಆಲೂಗಡ್ಡೆಯ ಟಿಕ್ಕಿ, ಅದರ ಮೇಲೆ ಚೀಸಿನ ಹಾಳೆ, ಒಂದಿಷ್ಟು ಸೊಪ್ಪು, ಬಿಳಿ ಸಾಸು, ಮೇಲೆ ಕೆಳಗೆ ಬನ್ನು. ಕೆಟ್ಟಿರುತ್ತಿರಲಿಲ್ಲ. ತಣ್ಣಗಾಗಿ ಬಿರುಸಾಗಿರುತ್ತಿತ್ತು, ಅಷ್ಟೆ.

ಆಶ್ರಮದಲ್ಲೊಂದು ಕಟ್ಟಳೆ ಇತ್ತು. ಹೊರಗೆ ಬೇಯಿಸಿದ್ದು ಒಳಗಿನ ಅಡುಗೆಮನೆಗೆ ಬರಕೂಡದು. ಮಡಿಯಲ್ಲಿರುವವರು ಅದನ್ನು ಕೈಯಿಂದ ಮುಟ್ಟಕೂಡದು. ಬಚ್ಚಲ ಹಿಂದಿನ ಒಲೆಯಲ್ಲಿ, ಸ್ನಾನದ ನೀರು ಕಾಯುವಲ್ಲೇ ಅದನ್ನು ಬಿಸಿ ಮಾಡಿ ಗೇಟಿನ ಹೊರಗೆ ಬಡಿಸಬೇಕು.

ಈ ಕಟ್ಟಳೆಯನ್ನು ಯಾರು ಮಾಡಿದರೆಂದು ಯಾರಿಗೂ ಗೊತ್ತಿಲ್ಲ. ಇಂಥ ಕಟ್ಟಳೆಗಳಿಗೆ ಹೆತ್ತವರು ಸಿಗುವುದಿಲ್ಲ. ಸಾಕುವವರು ಮಾತ್ರ ಊರ ತುಂಬ ಇರುತ್ತಾರೆ.

ಗುರುಗಳ ಶಿಷ್ಯ ನರಹರಿ ಅದನ್ನು ಚೆನ್ನಾಗಿ ಸಾಕುತ್ತಿದ್ದ. ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಬಂದು, ಪೆಟ್ಟಿಗೆಯ ತಳ ಎತ್ತಿ ಬರ್ಗರ್‌ಗಳನ್ನು ಹಬೆಯ ಪಾತ್ರೆಗೆ ಸುರಿಯುತ್ತಿದ್ದ. ಸುತ್ತಿದ ಕಾಗದವನ್ನೂ ತೆಗೆಯುತ್ತಿರಲಿಲ್ಲ. ಹೊರಗೆ ಬಿದ್ದದ್ದನ್ನು ಸೌದೆಯ ತುಂಡಿನಿಂದ ಒಳಗೆ ತಳ್ಳಿ ಮುಚ್ಚಳ ಹಾಕುತ್ತಿದ್ದ. ಆಮೇಲೆ ಉದ್ದನೆಯ ಇಕ್ಕಳದಿಂದ ಒಂದೊಂದೇ ಎತ್ತಿ ಎಲೆಯ ಮೇಲೆ ಬೀಳಿಸುತ್ತಿದ್ದ.

ಎಲೆಯ ಮುಂದೆ ಕೂರುತ್ತಿದ್ದವರು ಘಟ್ಟ ಶುಚಿ ಮಾಡುವ ಹೆಂಗಸರು. ಪಾಪ ಕಳೆಯಲು ಬಂದವರು ಹೊಳೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಕೊಳೆತು ನೀರು ಕುಡಿದು ಭಾರವಾದ ಆ ಬಟ್ಟೆಗಳನ್ನು ಎಳೆದು ದಡಕ್ಕೆ ಹಾಕುವುದು ಇವರ ಕೆಲಸ. ಪಾಪ ಯಾರದೋ, ಸೊಂಟನೋವು ಇವರದು.

ಆ ದಿನ ಎಲೆಯ ಮೇಲೆ ಬಿದ್ದದ್ದನ್ನು ಸಣ್ಣತಾಯಮ್ಮ ಎರಡು ಬೆರಳಲ್ಲಿ ಒತ್ತಿ ನೋಡಿದಳು. ಬೆರಳು ಒಳಕ್ಕೆ ಹೋಯಿತು. ನೀರು ಹೊರಕ್ಕೆ ಬಂತು.

“ಇದೇನು ಸ್ವಾಮಿ?”

“ಬರ್ಗರ್.”

“ಬರ್ಗರ್ ನಾನೂ ಕಂಡಿವ್ನಿ. ನನ್ನ ಮಗಳು ಒಂದ್ಸಲ ತಂದುಕೊಟ್ಟಿದ್ಲು. ಕಚ್ಚಿದ್ರೆ ಕರ್ ಅಂತಿತ್ತು.”

“ಹಸಿದವರಿಗೆ ಕರ್ ಯಾಕಮ್ಮ, ಕುರ್ ಯಾಕೆ? ಬಿಸಿ ಇದೆ. ತಿನ್ನು.”

ಪಕ್ಕದಲ್ಲಿ ಕೂತವಳು ನಕ್ಕಳು. ಸಣ್ಣತಾಯಮ್ಮ ನಗಲಿಲ್ಲ. ಎಲೆಯನ್ನು ಮಡಿಸಿ ಅವನ ಕಾಲ ಬಳಿ ಇಟ್ಟಳು.

“ಬೆಳಗ್ಗಿಂದ ಹೊಳೇಲಿ ನೆಂದ ಬಟ್ಟೇನೇ ಎತ್ತಿವ್ನಿ ಸ್ವಾಮಿ. ಮತ್ತೆ ಅದನ್ನೇ ಬಾಯಿಗೆ ಇಕ್ಕಬ್ಯಾಡಿ. ನಾಳೆಯಿಂದ ನನ್ನ ಎಲೆ ಹಾಕಬ್ಯಾಡಿ.”

ಅವಳು ಎದ್ದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬೊಬ್ಬರಾಗಿ ಅವರೂ ಎದ್ದರು.

“ನೋಡಿದಿರಾ ಗುರುಗಳೇ,” ಎಂದ ನರಹರಿ. ಅಂಕಯ್ಯ ಗುರುಗಳು ಹೊಳೆಯ ಕಡೆಯಿಂದ ಬಂದು ಗೇಟಿನಲ್ಲಿ ನಿಂತಿದ್ದರು. “ಪುಕ್ಕಟೆ ಕೊಟ್ಟರೂ ಸೊಕ್ಕು.”

ಗುರುಗಳು ಬಗ್ಗಿ, ಆ ಮಡಿಸಿದ ಎಲೆಯನ್ನು ಎತ್ತಿಕೊಂಡರು. ಬಿಚ್ಚಿದರು. ಒಂದು ತುತ್ತು ಕಚ್ಚಿದರು. ಅಗಿದರು. ನುಂಗಿದರು. ನುಂಗುವುದು ಅವರಿಗೂ ಕಷ್ಟವಾಯಿತು.

“ನೀನು ಇದನ್ನು ತಿಂದೆಯಾ?”

“ನಾನು ಹೊರಗಿನದು ತಿನ್ನುವುದಿಲ್ಲವಲ್ಲ ಗುರುಗಳೇ.”

“ಮುಟ್ಟಿದೆಯಾ?”

“ಮಡಿಯಲ್ಲಿದ್ದೆ.”

“ತಿಂದಿಲ್ಲ, ಮುಟ್ಟಿಲ್ಲ. ಮತ್ತೆ ಬಡಿಸುವುದಕ್ಕೆ ನೀನ್ಯಾರು?”

ನರಹರಿ ತಲೆ ತಗ್ಗಿಸಿದ. ಬರುವ ಹುಣ್ಣಿಮೆಗೆ ಅವನಿಗೆ ಕಾವಿ ಕೊಡುವುದೆಂದು ನಿಶ್ಚಯವಾಗಿತ್ತು. ಅದಕ್ಕಾಗಿಯೇ ಅವನು ಮನೆ ಬಿಟ್ಟಿದ್ದ, ಹೆಸರಿನ ಮುಂದಿನ ಪದವಿ ಬಿಟ್ಟಿದ್ದ, ಉಪ್ಪು ಖಾರ ಬಿಟ್ಟಿದ್ದ. ಆ ಕಾವಿ ಬಟ್ಟೆ ಒಳಕೋಣೆಯ ಪೆಟ್ಟಿಗೆಯಲ್ಲಿ ಮಡಿಸಿಟ್ಟಿತ್ತು. ಅವನು ಆಗಾಗ ಹೋಗಿ ಅದನ್ನು ನೋಡಿ ಬರುತ್ತಿದ್ದ.

“ಕೇಳು ನರಹರಿ. ಸಣ್ಣತಾಯಮ್ಮ ಬಂದು, ಕೂತು, ತಿಂದು, ಇನ್ನೊಂದು ಕೊಡಿ ಅನ್ನುವ ತನಕ ನಿನಗೆ ಕಾವಿ ಇಲ್ಲ.”

“ಒಂದು ಬರ್ಗರ್‌ಗಾಗಿ, ಗುರುಗಳೇ?”

“ಒಂದು ತುತ್ತಿಗಾಗಿ,” ಎಂದರು ಗುರುಗಳು.

*

ಮರುದಿನ ನರಹರಿ ಹೊಳೆಯಿಂದ ಒದ್ದೆ ಪಂಚೆಯಲ್ಲಿ ಬಂದ. ಗುರುಗಳು ಬಚ್ಚಲ ಒಲೆಯ ಮುಂದೆ ಕಾದಿದ್ದರು. ಕೈಯಲ್ಲಿ ಕರಿಕಂಬಳಿ.

“ಕೂತುಕೋ.”

ಕೂತ. ಗುರುಗಳು ಕಂಬಳಿಯನ್ನು ಅವನಿಗೆ ತಲೆಯಿಂದ ಕಾಲಿನವರೆಗೆ ಬಿಗಿಯಾಗಿ ಸುತ್ತಿದರು. ಒಲೆಗೆ ಇನ್ನೆರಡು ಸೌದೆ ತಳ್ಳಿದರು.

“ಹೇಗಿದೆ?”

“ಬೆಚ್ಚಗಿದೆ ಗುರುಗಳೇ. ಹಿತವಾಗಿದೆ.”

“ಇರು.”

ಗುರುಗಳು ಹೋಗಿ ಹಸುವಿಗೆ ಹುಲ್ಲು ಹಾಕಿದರು. ಗಿಡಗಳಿಗೆ ನೀರು ಬಿಟ್ಟರು. ವಾಪಸು ಬಂದರು.

“ಈಗ ಹೇಗಿದೆ?”

“ಮೈಯೆಲ್ಲ ಅಂಟಂಟು. ಬೆವರುತ್ತಿದೆ. ಪಂಚೆ ಒಣಗುತ್ತಿಲ್ಲ, ಮೈಗೆ ಮೆತ್ತಿಕೊಂಡಿದೆ. ಮುಗ್ಗಲು ವಾಸನೆ ಬರುತ್ತಿದೆ.”

“ಬಿಸಿ ಇದೆಯಲ್ಲ. ಸುಮ್ಮನೆ ಕೂತುಕೋ.”

“ಗುರುಗಳೇ, ತೆಗೆಯಿರಿ. ಆಗುವುದಿಲ್ಲ.”

“ಪುಕ್ಕಟೆ ಕಂಬಳಿ ಕೊಟ್ಟರೂ ಸೊಕ್ಕೇ?”

ನರಹರಿ ಆಡಿದ ಮಾತು ಅವನ ಮೈಗೇ ಅಂಟಿಕೊಂಡಿತ್ತು.

ಕಂಬಳಿ ಬಿಚ್ಚಿದ ಮೇಲೆ ಅವನು ಯೋಚಿಸಿದ. ಪಾತ್ರೆಯ ಹಬೆಗೂ ಹೊರಗೆ ಹೋಗಲು ದಾರಿ ಇಲ್ಲ. ಕಾಗದ ಬಿಡುವುದಿಲ್ಲ, ಮುಚ್ಚಳ ಬಿಡುವುದಿಲ್ಲ. ಬನ್ನು ಆ ನೀರನ್ನು ಕುಡಿಯದೆ ಏನು ಮಾಡೀತು? ಸರಿ, ಹಬೆ ಬೇಡ, ಬೆಂಕಿ ಬೇಕು ಎಂದುಕೊಂಡ.

ಬಚ್ಚಲ ಒಲೆಯ ಮೇಲೆ ಹಳೆಯ ತಗಡಿಟ್ಟ. ಇಕ್ಕಳದಿಂದ ಕಾಗದ ಹರಿದ. ಬರ್ಗರನ್ನು ಇಡಿಯಾಗಿ ತಗಡಿನ ಮೇಲಿಟ್ಟು ಸಟ್ಟುಗದಿಂದ ಒತ್ತಿದ. ಮಗುಚಿ ಇನ್ನೊಂದು ಕಡೆ ಒತ್ತಿದ. ಹೊಗೆ ಎದ್ದಿತು. ಸಾಸು ಎಣ್ಣೆಯಾಗಿ ಹರಿದು ಬೆಂಕಿಗೆ ಬಿದ್ದು ಚಟಗುಟ್ಟಿತು. ಕರ್ ಅನ್ನುವ ಸದ್ದು ಕೇಳಿ ಅವನಿಗೆ ಸಂತೋಷವಾಯಿತು. ಎಲೆಯಲ್ಲಿಟ್ಟು ಗುರುಗಳಿಗೆ ಕೊಟ್ಟ.

ಗುರುಗಳು ಕಚ್ಚಿದರು. ಉಳಿದದ್ದನ್ನು ಅವನ ಮುಂದೆ ಹಿಡಿದರು. ಬನ್ನು ಇದ್ದಿಲು. ನಡುವಿನ ಟಿಕ್ಕಿ ಫ್ರಿಜ್ಜಿನಿಂದ ಬಂದ ಹಾಗೆಯೇ ತಣ್ಣಗಿತ್ತು. ಸೊಪ್ಪು ಬೆಂದು ಕಪ್ಪಾಗಿ ಹಲ್ಲಿಗೆ ಅಂಟುವಂತಿತ್ತು.

“ಮೇಲೆ ಸುಟ್ಟಿದೆ. ಒಳಗೆ ತಣ್ಣಗಿದೆ,” ಎಂದರು ಗುರುಗಳು. “ಒಂದು ಗುಟ್ಟು ಹೇಳಲೇ? ನಿನ್ನ ಜಪವೂ ಹೀಗೇ ಇದೆ.”

ನರಹರಿಗೆ ಕಣ್ಣಲ್ಲಿ ನೀರು ಬಂತು. “ಹಬೆ ಬೇಡ ಅಂದಿರಿ. ಬೆಂಕಿಯೂ ಬೇಡ ಅನ್ನುತ್ತೀರಿ. ಇನ್ನು ಹೇಗೆ ಬಿಸಿ ಮಾಡಲಿ?”

“ಇದರೊಳಗೆ ಏನೇನಿದೆ?”

“ಟಿಕ್ಕಿ. ಸೊಪ್ಪು. ಇನ್ನೇನೋ ಬಿಳಿಯದು.”

“ಟಿಕ್ಕಿಗೆ ಏನು ಬೇಕು?”

“ಗೊತ್ತಿಲ್ಲ.”

“ಸೊಪ್ಪಿಗೆ?”

“ಗೊತ್ತಿಲ್ಲ ಗುರುಗಳೇ.”

“ಬಿಚ್ಚು.”

ನರಹರಿ ಇಕ್ಕಳಕ್ಕೆ ಕೈ ಚಾಚಿದ. ಗುರುಗಳು ಅದನ್ನು ಕಾಲಿನಿಂದ ಒದ್ದರು. ಇಕ್ಕಳ ಹೋಗಿ ಹಂಡೆಗೆ ಬಡಿದು ಗಂಟೆಯಂತೆ ಸದ್ದಾಯಿತು.

“ಕೈಯಿಂದ.”

“ಸ್ನಾನ ಮಾಡಿ ಬಂದಿದ್ದೇನೆ. ಪೂಜೆ ಇನ್ನೂ ಆಗಿಲ್ಲ. ಮುಗಿಸಿ ಬಂದು ಬಿಚ್ಚಲೇ?”

“ಮುಗಿಸಿ ಬಂದು ಮತ್ತೆ ಸ್ನಾನ ಮಾಡುತ್ತೀಯಾ?”

“ಮಾಡಬೇಕಾಗುತ್ತದೆ.”

ಗುರುಗಳು ಕೇಳಿದರು. “ಅಂದರೆ ಆ ಹೆಂಗಸು ತಿಂದರೆ ಊಟ. ನೀನು ಮುಟ್ಟಿದರೆ ಹೊಲಸು. ವಸ್ತು ಒಂದೇ. ಹೊಲಸು ಎಲ್ಲಿಂದ ಬಂತು, ಹೇಳು.”

ನರಹರಿಗೂ ಸಿಟ್ಟು ಬಂತು. “ಇಷ್ಟು ವರ್ಷ ಕಟ್ಟಳೆ ಹೀಗೇ ಇತ್ತು. ತಾವೂ ಸುಮ್ಮನಿದ್ದಿರಿ.”

“ಹೌದು,” ಎಂದರು ಗುರುಗಳು. “ಅದಕ್ಕೇ ಇಷ್ಟು ಸಿಟ್ಟು.”

*

ನರಹರಿ ಬಿಚ್ಚಲಿಲ್ಲ. ಸೀದಾ ಘಟ್ಟಕ್ಕೆ ಹೋದ. ಬುದ್ಧಿವಂತನಿಗೆ ಅಡ್ಡದಾರಿ ಬೇಗ ಹೊಳೆಯುತ್ತದೆ.

ಸಣ್ಣತಾಯಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಜರಿಸೀರೆಯನ್ನು ಎಳೆಯುತ್ತಿದ್ದಳು. ಅದು ಕಲ್ಲಿನ ಸಂದಿಗೆ ಸಿಕ್ಕಿತ್ತು.

“ಸಣ್ಣತಾಯಮ್ಮ, ಇವತ್ತು ಬಾ.”

“ಯಾಕೆ?”

“ನೀನು ತಿನ್ನದಿದ್ದರೆ ನನಗೆ ಕಾವಿ ಇಲ್ಲ ಅಂದಿದ್ದಾರೆ ಗುರುಗಳು.”

ಅವಳು ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದಳು. “ಓಹೋ. ನಾನು ತಿನ್ನಬೇಕಿರೋದು ನಿಮ್ಮ ಹಸಿವಿಗಾ?”

“ಹಾಗಲ್ಲಮ್ಮ. ತಿನ್ನದಿದ್ದರೂ ಪರವಾಗಿಲ್ಲ. ತಿಂದೆ, ಚೆನ್ನಾಗಿತ್ತು ಅಂತ ಒಂದು ಮಾತು ಹೇಳಿಬಿಡು.”

“ಸುಳ್ಳು ಹೇಳಿಸಿಕೊಂಡು ಸನ್ಯಾಸಿ ಆಗ್ತೀರಾ?”

ನರಹರಿ ಕಣ್ಣು ತಪ್ಪಿಸಿ ಹೊಳೆಯ ಕಡೆ ನೋಡಿದ.

“ಈ ತುದಿ ಹಿಡೀರಿ,” ಎಂದು ಅವಳು ಸೀರೆಯ ಒಂದು ತುದಿಯನ್ನು ಅವನತ್ತ ಎಸೆದಳು. ಅದು ಅವನ ಪಾದದ ಬಳಿ ಬಿದ್ದಿತು. ಪಾಚಿ ಹಿಡಿದಿತ್ತು, ನಾರುತ್ತಿತ್ತು. ಯಾರು ಉಟ್ಟದ್ದೋ, ಯಾರ ಸಾವಿಗೆ ಬಿಟ್ಟದ್ದೋ. ನರಹರಿ ಒಂದು ಹೆಜ್ಜೆ ಹಿಂದೆ ಸರಿದ.

ಅವಳು ನೋಡಿದಳು. “ಬ್ಯಾಡ ಬಿಡಿ.” ತಾನೇ ಬಂದು ತುದಿ ಎತ್ತಿಕೊಂಡು, ಕಲ್ಲಿಗೆ ಕಾಲು ಕೊಟ್ಟು ಎಳೆದಳು. ಸೀರೆ ಬಿಡಿಸಿಕೊಂಡು ಬಂತು.

“ಒಂದು ಮಾತು ಹೇಳ್ತೀನಿ ಸ್ವಾಮಿ, ಬೇಜಾರು ಮಾಡ್ಕೋಬ್ಯಾಡಿ. ಮೆತ್ತಗಿರೋ ಬನ್ನು ಎಷ್ಟೋ ತಿಂದಿವ್ನಿ. ಮನೇಲಿ ತಂಗಳೂ ತಿಂತೀನಿ. ನಾನು ಎದ್ದಿದ್ದು ಅದಕ್ಕಲ್ಲ. ನಿನ್ನೆ ಒಲೆ ಹತ್ರ ಬೆಂಕಿ ತಗೊಳ್ಳೋಕೆ ಬಂದಿದ್ದೆ. ನೀವು ಸೌದೆ ಕಡ್ಡೀಲಿ ತಳ್ಳೋದು ಕಂಡೆ. ಸತ್ತ ಇಲೀನ ತಳ್ಳೋ ಹಾಗೆ.”

ಅವಳು ಸೀರೆಯನ್ನು ಹಿಂಡಿದಳು. ಕಪ್ಪು ನೀರು ಸುರಿಯಿತು.

“ಆ ಕಡ್ಡಿ ಬನ್ನನ್ನ ತಳ್ತಾ ಇರಲಿಲ್ಲ,” ಎಂದಳು. “ನನ್ನನ್ನ ತಳ್ತಿತ್ತು.”

*

ನರಹರಿ ವಾಪಸು ಬಂದು ರಟ್ಟಿನ ಪೆಟ್ಟಿಗೆಯ ಮುಂದೆ ಕೂತ. ಬಿಸಿಲು ಅಂಗಳದ ಅರ್ಧ ದಾಟುವವರೆಗೆ ಕೂತೇ ಇದ್ದ. ಪೂಜೆಯ ಗಂಟೆ ಮೊಳಗಿತು. ಅವನು ಏಳಲಿಲ್ಲ.

ಆಮೇಲೆ ಕೈ ಹಾಕಿದ.

ಕಾಗದ ಬಿಡಿಸಿದ. ಮೇಲಿನ ಬನ್ನನ್ನು ಎತ್ತಿದ. ಬೆರಳಿಗೆ ಸಾಸು ಅಂಟಿತು. ಅವನೇನೂ ಸತ್ತುಹೋಗಲಿಲ್ಲ. ಬಾಡಿದ ಸೊಪ್ಪನ್ನು ತೆಗೆದು ಹಸುವಿಗೆ ಇಟ್ಟ. ಸಾಸನ್ನು ಚಮಚದಿಂದ ಬಳಿದು ಬದಿಗಿಟ್ಟ. ಟಿಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದ. ಚೀಸು ಗಟ್ಟಿಯಾಗಿ ಅದರ ಬೆನ್ನಿಗೆ ಅಂಟಿತ್ತು. ಬನ್ನಿನ ಒಳಮೈ ಇನ್ನೂ ಮೆದುವಾಗಿತ್ತು. ಹೊರಮೈ ಬಿರುಸು.

ಇಷ್ಟು ದಿನ ಒಂದೇ ವಸ್ತು ಎಂದು ಬಿಸಿ ಮಾಡುತ್ತಿದ್ದೆ, ಎಂದುಕೊಂಡ. ಇಲ್ಲಿ ಇಷ್ಟು ಜನ ಇದ್ದಾರೆ.

ಗುರುಗಳು ಹಿಂದೆ ಬಂದು ನಿಂತಿದ್ದರು.

“ಟಿಕ್ಕಿಗೆ ಸಣ್ಣ ಉರಿ ಬೇಕು ಗುರುಗಳೇ. ನಿಧಾನವಾಗಿ ನಡುವಿನ ತನಕ ಹೋಗಬೇಕು. ಬನ್ನಿಗೆ ಒಣ ಕಾವಲಿ ಬೇಕು, ಒಂದು ಗಳಿಗೆ ಸಾಕು. ಸೊಪ್ಪಿಗೆ ಬೆಂಕಿಯೇ ಬೇಡ. ಇಲ್ಲಿ ಆಗುವುದಿಲ್ಲ. ಈ ಒಲೆ ಹಂಡೆಗಾಗಿ ಮಾಡಿದ್ದು. ಇದಕ್ಕೆ ಸಣ್ಣ ಉರಿ ಗೊತ್ತೇ ಇಲ್ಲ.”

“ಸಣ್ಣ ಉರಿ ಎಲ್ಲಿದೆ?”

“ಒಳಗೆ.”

“ಕಾವಲಿ?”

“ಅದೂ ಒಳಗೆ.”

“ಮತ್ತೆ ನೀನ್ಯಾಕೆ ಹೊರಗೆ?” ಎಂದು ಗುರುಗಳು ಹೊರಟುಹೋದರು.

ನರಹರಿ ಪೆಟ್ಟಿಗೆ ಎತ್ತಿಕೊಂಡು ಅಡುಗೆಮನೆಯ ಹೊಸಿಲಿಗೆ ಬಂದ. ಅಡುಗೆಯ ಶಾಮಣ್ಣ ಬಾಗಿಲಿಗೆ ಅಡ್ಡ ನಿಂತರು.

“ಎಲ್ಲಿಗೋ ಅದು?”

“ಕಾವಲಿಗೆ.”

“ತಲೆ ಕೆಟ್ಟಿದೆಯೇನೋ? ದೇವರ ನೈವೇದ್ಯದ ದೋಸೆ ಹುಯ್ಯುವ ಕಾವಲಿ ಅದು. ಮೈಲಿಗೆಯಾದರೆ?”

“ತೊಳೆಯೋಣ ಶಾಮಣ್ಣನವರೇ.”

“ತೊಳೆದರೆ ಹೋಗುವಂಥದ್ದೇನೋ ಇದು?”

ನಿನ್ನೆಯಾಗಿದ್ದರೆ ಈ ಮಾತಿಗೆ ನರಹರಿ ತಲೆದೂಗುತ್ತಿದ್ದ. ಇವತ್ತು ಅದು ಕಿವಿಗೆ ಕಲ್ಲು ಹೊಡೆದಂತೆ ಬಿತ್ತು.

“ಹೊಳೆಯಲ್ಲಿ ಮುಳುಗಿದರೆ ಜನ್ಮದ ಪಾಪ ಹೋಗುತ್ತದೆ ಅಂತ ಘಟ್ಟದಲ್ಲಿ ನೀವೇ ಹೇಳುತ್ತೀರಿ. ಕಾವಲಿಗೆ ಅಂಟಿದ ಆಲೂಗಡ್ಡೆ ಹೋಗುವುದಿಲ್ಲವೇ? ಸರಿಯಿರಿ.”

“ಸರಿಯದಿದ್ದರೆ?”

“ನಿಮ್ಮನ್ನು ಮುಟ್ಟಿಕೊಂಡೇ ಒಳಗೆ ಹೋಗುತ್ತೇನೆ. ಕೈಯಲ್ಲಿ ಸಾಸಿದೆ.”

ಶಾಮಣ್ಣ ಥಟ್ಟನೆ ಗೋಡೆಗೆ ಒತ್ತಿಕೊಂಡರು. ನರಹರಿ ಒಳಗೆ ಹೋದ.

ಕಾವಲಿಯ ಮೇಲೆ ಟಿಕ್ಕಿ ಇಟ್ಟ. ಉರಿ ಇಳಿಸಿದ. ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿದ. ಒಳಗೆ ಬಿಸಿ ಏರಿ ಚೀಸು ಕರಗಿದ ಮೇಲೆ ಮುಚ್ಚಳ ತೆಗೆದು, ತಳ ಗರಿಯಾಗಲು ಬಿಟ್ಟ. ಬನ್ನುಗಳ ಒಳಮೈಯನ್ನು ಕೆಳಗೆ ಮಾಡಿ ಒಣ ಜಾಗದಲ್ಲಿಟ್ಟ. ಬನ್ನು ಹೊಂಬಣ್ಣಕ್ಕೆ ತಿರುಗಿ ಘಮ ಬಂತು. ಹಿತ್ತಿಲಿನ ಸೌತೆಕಾಯಿ, ಈರುಳ್ಳಿ ಹೆಚ್ಚಿಕೊಂಡ. ಎಲ್ಲವನ್ನೂ ಜೋಡಿಸಿದ.

ಗುರುಗಳು ಒಳಗೆ ಬಂದರು. “ಆಯಿತೇ?”

“ಆಯಿತು ಅನ್ನಿಸುತ್ತದೆ.”

“ಅನ್ನಿಸುತ್ತದೆ?”

ನರಹರಿ ಬರ್ಗರನ್ನು ನೋಡಿದ. ಬಾಗಿಲಿನಿಂದ ಶಾಮಣ್ಣ ನೋಡುತ್ತಿದ್ದರು. ನರಹರಿ ಎರಡು ಕೈಯಲ್ಲಿ ಹಿಡಿದು ಕಚ್ಚಿದ.

ಕರ್ ಅಂತು.

ಅವನು ಎಷ್ಟೋ ವರ್ಷಗಳಿಂದ ಉಪ್ಪು ಖಾರ ಮುಟ್ಟಿರಲಿಲ್ಲ. ಕಣ್ಣು ಮುಚ್ಚಿಕೊಂಡ. ಇನ್ನೊಂದು ತುತ್ತು ಕಚ್ಚಿದ. ಪೂರ್ತಿ ತಿಂದ. ಬೆರಳಿಗೆ ಅಂಟಿದ್ದನ್ನೂ ನೆಕ್ಕಿದ.

“ಗುರುಗಳೇ, ಇದು ಇಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.”

“ಅವಳಿಗೆ ಗೊತ್ತಿತ್ತು,” ಎಂದರು ಗುರುಗಳು. “ಗೊತ್ತಿರುವವಳಿಗೆ ನೀನು ಚಿಂದಿ ಹಾಕಿದೆ.”

*

ಮರುದಿನ ಬೆಳಗ್ಗೆ ನರಹರಿ ಘಟ್ಟಕ್ಕೆ ಹೋದ. ಕಾವಿಯ ಮಾತೆತ್ತಲಿಲ್ಲ. ಪಂಚೆ ಮೇಲೆ ಕಟ್ಟಿ ನೀರಿಗಿಳಿದು, ಒಂದು ನೆಂದ ರಜಾಯಿಯ ತುದಿ ಹಿಡಿದ. ಸಣ್ಣತಾಯಮ್ಮ ಇನ್ನೊಂದು ತುದಿ ಹಿಡಿದಳು.

“ಅಂಗಲ್ಲ. ಬೆನ್ನು ಬಗ್ಗಿಸಬ್ಯಾಡಿ, ಮಂಡಿ ಬಗ್ಗಿಸಿ. ನಾಳೆ ಏಳಕ್ಕಾಗದೆ ಗುರುಗಳ ಹತ್ರ ನನ್ನ ಮೇಲೆ ಚಾಡಿ ಹೇಳೀರಿ.”

ಇಬ್ಬರೂ ಎಳೆದರು. ರಜಾಯಿ ಸತ್ತ ಎಮ್ಮೆಯಷ್ಟು ಭಾರವಿತ್ತು. ದಡಕ್ಕೆ ಬಂದಾಗ ನರಹರಿ ಏದುಸಿರು ಬಿಡುತ್ತಿದ್ದ.

“ಇದನ್ನು ಯಾರು ಹೊಳೆಗೆ ಬಿಟ್ಟರು?”

“ಪುಣ್ಯವಂತರು,” ಎಂದಳು ಅವಳು.

ಬಿಸಿಲೇರುವವರೆಗೆ ಎಳೆದರು. ಅವನ ಕೈಗೆ ಬೊಬ್ಬೆ ಬಂತು. ಸಣ್ಣತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಹಸಿವಾಯ್ತದೆ,” ಎಂದಳು.

“ನನಗೂ,” ಎಂದ ನರಹರಿ. “ಬನ್ನಿ.”

“ಬನ್ನಿ ಅಂತೀರಾ ಇವತ್ತು! ಏನು, ಹೊಳೆ ನೀರು ಕುಡಿದುಬಿಟ್ರಾ?”

ಹೆಂಗಸರೆಲ್ಲ ನಗುತ್ತ ಅವನ ಹಿಂದೆ ಬಂದರು. ಎಂದಿನಂತೆ ಗೇಟಿನ ಹೊರಗೆ ಸಾಲಾಗಿ ಕೂತರು. ನರಹರಿ ಒಳಗೆ ಓಡಿದ. ಬಿಸಿ ಮಾಡಿದ, ಜೋಡಿಸಿದ, ತಟ್ಟೆ ಮುಚ್ಚಿಕೊಂಡು ಓಡಿ ಬಂದ. ಪಡಸಾಲೆ, ಅಂಗಳ, ತುಳಸಿಕಟ್ಟೆ, ಹಸುವಿನ ಕೊಟ್ಟಿಗೆ ದಾಟಿ ಗೇಟು. ಸಣ್ಣತಾಯಮ್ಮನ ಎಲೆಗೆ ಇಟ್ಟ. ಆಕೆ ಬೆರಳಲ್ಲಿ ಒತ್ತಿದಳು.

ಬೆರಳು ಒಳಕ್ಕೆ ಹೋಯಿತು.

ಆದರೂ ಆಕೆ ಅವನ ಬೊಬ್ಬೆ ಬಂದ ಕೈ ನೋಡಿ, ತಿನ್ನಲು ಬಾಯಿಗೆ ತಂದಳು.

“ನಿಲ್ಲಿ!” ಎಂದ ನರಹರಿ. “ತಿನ್ನಬೇಡಿ. ಕರುಣೆಗೆ ತಿನ್ನಬೇಡಿ.”

ಅವನು ಒಳಗೆ ಓಡಿದ. ಮುಚ್ಚದೆ ತಂದ. ತಣ್ಣಗಾಯಿತು. ಬಟ್ಟೆಯಲ್ಲಿ ಸುತ್ತಿ ತಂದ. ಮೆತ್ತಗಾಯಿತು. ಇನ್ನೂ ಜೋರಾಗಿ ಓಡಿದ. ಟಿಕ್ಕಿ ಜಾರಿ ತುಳಸಿಕಟ್ಟೆಯ ಮೇಲೆ ಬಿತ್ತು. ಹೆಂಗಸರು ನಗು ತಡೆಯಲಾರದೆ ಸೆರಗು ಕಚ್ಚಿದರು.

ನರಹರಿ ಅಂಗಳದ ನಡುವೆ ನಿಂತುಬಿಟ್ಟ. ಗುರುಗಳು ಕಂಬಕ್ಕೆ ಒರಗಿ ಕೂತಿದ್ದರು.

“ಗುರುಗಳೇ, ಒಲೆಯಿಂದ ಇಳಿಸಿದ ತಕ್ಷಣ ಜೋಡಿಸಬೇಕು, ಜೋಡಿಸಿದ ತಕ್ಷಣ ಕಚ್ಚಬೇಕು. ಇಷ್ಟು ದೂರ ತರುವಷ್ಟರಲ್ಲಿ ಕೆಡುತ್ತದೆ. ಏನು ಮಾಡಲಿ? ಹೇಗೆ ತರಲಿ?”

ಗುರುಗಳು ಅವನನ್ನು ನೋಡಿದರು. ಗೇಟಿನ ಆಚೆ ಕೂತಿದ್ದವರನ್ನು ನೋಡಿದರು.

“ಬರ್ಗರ್‌ಗೆ ಕಾಲಿಲ್ಲ,” ಎಂದರು. “ಆಕೆಗೆ ಇದೆ.”

ನರಹರಿ ಹೋಗಿ ಗೇಟನ್ನು ಪೂರ್ತಿ ತೆಗೆದ. ತುಕ್ಕು ಹಿಡಿದ ಕೀಲು ಕಿರುಚಿತು.

“ಏಳಿ ಸಣ್ಣತಾಯಮ್ಮನವರೇ. ಎಲ್ಲರೂ ಏಳಿ. ಒಲೆಯ ಹತ್ತಿರ ಕೂರಿ.”

ಯಾರೂ ಏಳಲಿಲ್ಲ. ನಗು ನಿಂತುಹೋಯಿತು. ಒಬ್ಬಾಕೆ ಮೆಲ್ಲಗೆ, “ಬ್ಯಾಡ ಕಣಕ್ಕ, ಆಮೇಲೆ ಮಾತು ಬಂದಾತು,” ಎಂದಳು.

“ಬರಲಿ,” ಎಂದಳು ಸಣ್ಣತಾಯಮ್ಮ. ಎದ್ದಳು. ಅಂಗಳ ದಾಟಿದಳು. ಅಡುಗೆಮನೆಯ ಹೊಸಿಲಿನ ಮೇಲೆ ಒಂದು ಗಳಿಗೆ ಕಾಲು ತಡೆಯಿತು. ಆಮೇಲೆ ದಾಟಿದಳು. ಆಕೆಯ ಹಿಂದೆ ಉಳಿದವರೂ ದಾಟಿದರು. ಶಾಮಣ್ಣ ಹಿಂಬಾಗಿಲಿನಿಂದ ಹೊರಟುಹೋದರು. ಒಲೆ ಆರಲಿಲ್ಲ.

ನರಹರಿ ಆಕೆಯ ಮುಖ ನೋಡುತ್ತ ಜೋಡಿಸಿದ. ಕೈಯಿಂದ ಕೈಗೆ ಕೊಟ್ಟ.

ಸದ್ದು ಎಲ್ಲರಿಗೂ ಕೇಳಿಸಿತು.

ಸಣ್ಣತಾಯಮ್ಮ ಅಗಿದಳು. ನುಂಗಿದಳು. ಬಾಯಿ ಒರೆಸಿಕೊಂಡಳು.

“ಉಪ್ಪು ಒಂಚೂರು ಮುಂದಾಯ್ತು,” ಎಂದಳು. “ಇನ್ನೊಂದು ಕೊಡಿ.”

*

ಹುಣ್ಣಿಮೆ ಬಂತು. ಕಾವಿ ಕೊಡುವುದನ್ನು ನೋಡಲು ಊರೂರಿನ ಭಕ್ತರು ಬಂದು ಪಡಸಾಲೆ ತುಂಬಿದರು. ಶಾಮಣ್ಣ ಸುಮ್ಮನೆ ಕೂತಿರಲಿಲ್ಲ. ಸುದ್ದಿ ಎಲ್ಲರಿಗೂ ಮುಟ್ಟಿತ್ತು.

ಗುರುಗಳು ಕಾವಿ ಬಟ್ಟೆಯನ್ನು ನರಹರಿಯ ಕೈಗಿಟ್ಟರು. ಅಷ್ಟರಲ್ಲಿ ಘಟ್ಟದ ಹೆಂಗಸರು ಕೆಲಸ ಮುಗಿಸಿ ಬಂದು ಅಡುಗೆಮನೆಗೆ ಹೋಗುತ್ತಿದ್ದುದು ಎಲ್ಲರ ಕಣ್ಣಿಗೂ ಬಿತ್ತು.

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. “ಗುರುಗಳೇ, ಆ ಅಡುಗೆಮನೆಯ ಪ್ರಸಾದವನ್ನು ನಾವು ಹೇಗೆ ತಿನ್ನುವುದು?”

“ಬಾಯಿಂದ,” ಎಂದರು ಗುರುಗಳು.

ಒಳಗಿನಿಂದ ಸಣ್ಣತಾಯಮ್ಮ ಕೂಗಿದಳು. “ನರಹರಿ ಸ್ವಾಮೀ, ಕಾವಲಿ ಹೊಗೆಯಾಡ್ತಾ ಅದೆ!”

ನರಹರಿ ಕಾವಿ ಹಿಡಿದುಕೊಂಡೇ ಒಳಗೆ ಓಡಿದ. ಅವನು ಕಾವಲಿಗೆ ಹಾಕಿ ಬಂದಿದ್ದ ಬನ್ನುಗಳು ಸೀಯುವುದರಲ್ಲಿದ್ದವು. ಕಾವಲಿ ಕೆಂಡವಾಗಿತ್ತು. ಹಿಡಿಯಲು ಬಟ್ಟೆ ಸಿಗಲಿಲ್ಲ. ಅವನು ಕೈಯಲ್ಲಿದ್ದ ಹೊಸ ಕಾವಿಯನ್ನು ನಾಲ್ಕು ಮಡಿಕೆ ಮಾಡಿ, ಕಾವಲಿಯನ್ನು ಹಿಡಿದು ಇಳಿಸಿದ. ಬಟ್ಟೆಗೆ ಮಸಿ ಬಳಿಯಿತು. ಒಂದು ಮೂಲೆ ಸುಟ್ಟಿತು.

ಪಡಸಾಲೆಯಲ್ಲಿ ಗದ್ದಲವೆದ್ದಿತು. “ಅಪಚಾರ!” ಎಂದರು ಯಾರೋ.

ನರಹರಿ ಬಾಗಿಲಿಗೆ ಬಂದು ಸುಟ್ಟ ಬಟ್ಟೆ ತೋರಿಸಿದ. “ಗುರುಗಳೇ, ಕಾವಿ ಹಾಳಾಯಿತು. ಬನ್ನು ಉಳಿಯಿತು.”

ಗುರುಗಳು ಆ ಬಟ್ಟೆ ತೆಗೆದುಕೊಂಡು, ಕೊಡವಿ, ಅದನ್ನೇ ಅವನ ಹೆಗಲಿಗೆ ಹಾಕಿದರು. ಆಮೇಲೆ ಭಕ್ತರ ಕಡೆ ತಿರುಗಿದರು. ಮುಖ ಕೆಂಪಾಗಿತ್ತು.

“ನಾವೇನು ತಪ್ಪು ಮಾಡಿದೆವು ಗುರುಗಳೇ?” ಎಂದರು ಆ ಹಿರಿಯರು. “ನಾವೂ ಅನ್ನ ಕೊಡುವವರೇ. ನಮ್ಮ ಮನೆಗಳಲ್ಲೂ ಕೆಲಸದವರಿಗೆ ಉಳಿದದ್ದನ್ನು ಯಾವತ್ತೂ ಚೆಲ್ಲದೆ ಕೊಡುತ್ತೇವೆ. ಈಗ ನಾವೇನು ಮಾಡಬೇಕು ಅನ್ನುತ್ತೀರಿ?”

ಗುರುಗಳು ಹೇಳಿದರು:

“ಮನೆಗೆ ಹೋಗಿ. ಕೆಲಸದವಳಿಗೆಂದು ಹಿತ್ತಿಲಿನಲ್ಲಿ ಬೇರೆ ಇಟ್ಟಿದ್ದೀರಲ್ಲ, ಆ ತಟ್ಟೆ, ಆ ಲೋಟ, ಅದನ್ನು ಒಳಗೆ ತನ್ನಿ. ನಿನ್ನೆಯದನ್ನೇ ಕೊಡುವುದಾದರೆ ಕೈಯಾರೆ ಬಿಸಿ ಮಾಡಿ, ಆ ತಟ್ಟೆಯಲ್ಲಿ ಮೊದಲು ನೀವು ತಿನ್ನಿ. ನಿಮ್ಮ ಗಂಟಲಲ್ಲಿ ಇಳಿದರೆ ಆಕೆಯನ್ನು ಒಲೆಯ ಪಕ್ಕದಲ್ಲಿ ಕೂರಿಸಿ ಬಡಿಸಿ. ನಾಳೆ ಅಲ್ಲ. ಏಳಿ, ಈಗಲೇ.”